ಬಸಿದು ಚೆಲ್ಲಬೇಕಿದ್ದ ನೀರು

ಮೊದಲು ಬಿಗಿದದ್ದು ಕಾಲುಂಗುರ.

ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಪಾದ ಬಾತುಕೊಂಡಿದ್ದವು. ಬೆಳ್ಳಿಯ ಉಂಗುರ ಚರ್ಮದೊಳಗೆ ಹೂತುಹೋಗಿತ್ತು. ಸೋಪು ಹಚ್ಚಿದೆ. ಎಣ್ಣೆ ಹಚ್ಚಿದೆ. ಜಗ್ಗಿದೆ. ಬರಲಿಲ್ಲ. ಕೊನೆಗೆ ಭಾಂಡುಪ್ ಸ್ಟೇಷನ್ ಹತ್ತಿರದ ಅಕ್ಕಸಾಲಿಗ ಸಣ್ಣ ಕಟರ್ ಹಿಡಿದು ಕತ್ತರಿಸಿ ತೆಗೆದ. "ಬಾಯೀ, ಡಾಕ್ಟರ್‌ಕಡೆ ಜಾ" ಎಂದ. ಡಾಕ್ಟರ ಹತ್ತಿರ ಹೋಗಬೇಕಂತೆ! ಕತ್ತರಿಸುವುದು ನಿನ್ನ ಕೆಲಸ, ಅದನ್ನಷ್ಟು ಮಾಡು ಎಂದು ಅವನಿಗೇ ಬೈದು ಬಂದೆ.

ನಿಂತು ನಿಂತು ಬಾತಿರಬೇಕು ಎಂದುಕೊಂಡಿದ್ದೆ. ಸ್ಟೇಷನ್ ರಸ್ತೆಯ ಒಂದು ಪೋಳಿ-ಭಾಜಿ ಕೇಂದ್ರದಲ್ಲಿ ನಾನು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಆಫೀಸಿನಿಂದ ದಣಿದು ಲೋಕಲ್ ಇಳಿದವರು ಅಲ್ಲಿ ನಿಂತು ರೊಟ್ಟಿ, ಚಪಾತಿ, ಪಲ್ಯ ಕಟ್ಟಿಸಿಕೊಂಡು ಮನೆಗೆ ಹೋಗುತ್ತಾರೆ. ಬಿಸಿ ಹೆಂಚಿನ ಮುಂದೆ ದಿನವಿಡೀ ನಿಂತರೆ ಕಾಲು ಬಾತುಕೊಳ್ಳದೆ ಏನಾದೀತು? ಬಲಭುಜ ಯಾವಾಗಲೂ ನೋಯುತ್ತಿತ್ತು. ಮೆಡಿಕಲ್ ಅಂಗಡಿಯವನು ಕೊಡುವ ನೋವಿನ ಗುಳಿಗೆ ನುಂಗುತ್ತ ವರ್ಷಗಳೇ ಕಳೆದಿದ್ದವು. ಬಿಪಿ ಇದೆ ಎಂದು ಒಮ್ಮೆ ಯಾವುದೋ ಕ್ಯಾಂಪಿನಲ್ಲಿ ಹೇಳಿದ್ದರು. ಬಿಪಿ ಯಾರಿಗಿಲ್ಲ ಎಂದು ಬಿಟ್ಟುಬಿಟ್ಟಿದ್ದೆ.

ಆಮೇಲೆ ಮುಖ ಬಾತಿತು. ನಮ್ಮ ಚಾಳು ಗುಡ್ಡದ ಮೇಲಿದೆ. ಮೆಟ್ಟಿಲು ಹತ್ತುವಾಗ ಎರಡು ಕಡೆ ಕೂತು ಸುಧಾರಿಸಿಕೊಳ್ಳುವ ಹಾಗಾಯಿತು. ಇವರು, ನನ್ನ ಗಂಡ, ಬಾಡಿಗೆ ಟೆಂಪೋ ಓಡಿಸುತ್ತಾರೆ. ಒಂದು ದಿನ ವಡಾಲದ ಟ್ರಿಪ್ಪು ಬಿಟ್ಟು ನನ್ನನ್ನು ಪರೇಲಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ರಕ್ತ, ಮೂತ್ರ, ಸೋನೋಗ್ರಫಿ ಎಲ್ಲ ಆಯಿತು. ನೆಫ್ರಾಲಜಿಯ ಡಾಕ್ಟರು ರಿಪೋರ್ಟು ನೋಡಿದರು, ನನ್ನನ್ನು ನೋಡಿದರು, ಮತ್ತೆ ರಿಪೋರ್ಟು ನೋಡಿದರು.

ಎರಡೂ ಕಿಡ್ನಿ ಬಹುಪಾಲು ಕೆಟ್ಟಿದ್ದವು.

ಬಿಪಿಯಿಂದ ಇರಬಹುದು, ಗುಳಿಗೆಯಿಂದ ಇರಬಹುದು, ಎರಡರಿಂದಲೂ ಇರಬಹುದು ಎಂದರು. ಹಿಂದಿಯಲ್ಲಿ, ನಿಧಾನವಾಗಿ, ನನಗೆ ತಿಳಿಯುವ ಹಾಗೆ ಹೇಳಿದರು. ಡಯಾಲಿಸಿಸ್ ಈಗಲೇ ಬೇಡ. ಬಿಪಿ ಹಿಡಿತದಲ್ಲಿ ಇಟ್ಟುಕೊಂಡು, ಊಟ ಸರಿಯಾಗಿ ಮಾಡಿದರೆ ಇನ್ನೂ ಕೆಲವು ವರ್ಷ ದೂಡಬಹುದು. ಡಯಾಲಿಸಿಸ್ ಶುರುವಾದರೆ ಸೂಜಿ ಚುಚ್ಚಲು ಕೈಯ ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಬೇಕಾಗುತ್ತದೆ, ಆ ಕೈಯಿಂದ ಭಾರದ ಕೆಲಸ ಆಗುವುದಿಲ್ಲ. ನಾನು ನನ್ನ ಎರಡೂ ಕೈ ನೋಡಿಕೊಂಡೆ. ರೊಟ್ಟಿ ಒಂದು ಕೈಯಲ್ಲಿ ಬಡಿಯುವಂಥದ್ದಲ್ಲ. ಕೈ ಉಳಿಯಬೇಕಾದರೆ ಊಟ ಸರಿಯಿರಬೇಕು. ಅಷ್ಟು ತಿಳಿಯಿತು.

ಡಯಟಿಷಿಯನ್ ಮೇಡಂ ಮರಾಠಿಯವರು, ಚಿಕ್ಕ ವಯಸ್ಸು. ನನಗಿಂತ ಅವರಿಗೇ ಹೆಚ್ಚು ಸಂಕಟವಾಗುತ್ತಿದೆ ಎನ್ನುವ ಹಾಗೆ ಒಂದೊಂದೇ ಹೇಳಿದರು. ಬಾಳೆಹಣ್ಣು ಬೇಡ. ಬಟಾಟೆ ಬೇಡ. ಟೊಮ್ಯಾಟೊ, ಪಾಲಕ, ಮೆಂತ್ಯ, ಕೊಬ್ಬರಿ, ಬೆಲ್ಲ ಬೇಡ. ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿ ಬೇಡವೇ ಬೇಡ. ಬೇಳೆ ಒಂದು ಸಣ್ಣ ವಾಟಿ ಸಾಕು. ಉಪ್ಪು ಚಿಟಿಕೆಯಷ್ಟು. ಹಾಗಾದರೆ ಏನು ತಿನ್ನಲಿ ಎಂದೆ. ಸೇಬು ತಿನ್ನಿ, ಢಬ್ಬು ಮೆಣಸಿನಕಾಯಿ ತಿನ್ನಿ, ಹೂಕೋಸು, ಹೀರೆಕಾಯಿ, ಸೋರೆಕಾಯಿ, ಮೊಟ್ಟೆಯ ಬಿಳಿ ಭಾಗ ತಿನ್ನಿ ಎಂದರು.

"ಮೇಡಂ, ನಮ್ಮ ಮನೆಯಲ್ಲಿ ಇರುವುದನ್ನೆಲ್ಲ ಬೇಡ ಎಂದಿರಿ, ಇಲ್ಲದ್ದನ್ನೆಲ್ಲ ತಿನ್ನಿ ಎಂದಿರಿ" ಎಂದೆ, ನನ್ನ ಮುರುಕು ಮರಾಠಿಯಲ್ಲಿ.

ಅವರು ನಕ್ಕರು. ನಾನು ನಗಿಸಲು ಹೇಳಿದ್ದಲ್ಲ.

ಕೊನೆಗೆ ಒಂದು ದಾರಿ ಹೇಳಿಕೊಟ್ಟರು. ಯಾವುದೇ ತರಕಾರಿ ಇರಲಿ, ಸಣ್ಣಗೆ ಹೆಚ್ಚಿ, ಬಿಸಿ ನೀರಿನಲ್ಲಿ ನೆನೆಸಿಟ್ಟು, ಆಮೇಲೆ ಬೇರೆ ನೀರು ಹಾಕಿ ಕುದಿಸಿ, ಬಸಿದು, ನಂತರ ಒಗ್ಗರಣೆ ಹಾಕಬೇಕು. ಹಾಗೆ ಮಾಡಿದರೆ ಪೊಟ್ಯಾಶಿಯಂ ಕಡಿಮೆಯಾಗುತ್ತದೆ. ಪೊಟ್ಯಾಶಿಯಂ ಏರಿದರೆ ಹೃದಯ ನಿಂತುಹೋಗಬಹುದು ಎಂದರು. ತಲೆಯಾಡಿಸಿದೆ. ಮಳೆಗಾಲದಲ್ಲಿ ನೀರು ಕುದಿಸಿ ಕುಡಿಯಿರಿ, ಕ್ರಿಮಿ ಸಾಯುತ್ತವೆ ಎಂದು ಮುನಿಸಿಪಾಲ್ಟಿಯವರು ಪ್ರತಿ ವರ್ಷ ಕೂಗಿ ಹೇಳುತ್ತಾರಲ್ಲ, ಹಾಗೆಯೇ ಇದೂ ಎಂದು ನಾನು ತಿಳಿದುಕೊಂಡೆ. ಕುದಿಸಿದರೆ ಪೊಟ್ಯಾಶಿಯಂ ಸಾಯುತ್ತದೆ. ಮನೆಗೆ ಬಂದು ಅತ್ತೆಗೂ ಹಾಗೆಯೇ ಹೇಳಿದೆ.

ಆಸ್ಪತ್ರೆಯಿಂದ ಹೊರಗೆ ಬಂದರೆ ಗೇಟಿನ ಎದುರೇ ಎಳನೀರಿನ ಗಾಡಿ. ರೋಗಿಗಳ ಕಡೆಯವರು ಸಾಲಾಗಿ ನಿಂತು ಕೊಳ್ಳುತ್ತಿದ್ದರು. ನನಗೆ ಅದು ವಿಷ. ಸ್ಟೇಷನ್ ಕಡೆ ನಡೆದರೆ, ಹಿಂದೆ ಗಿರಣಿ ಇದ್ದ ಜಾಗದಲ್ಲಿ ಎದ್ದಿರುವ ಗಾಜಿನ ಬಿಲ್ಡಿಂಗಿನ ಕೆಳಗೆ ಒಂದು ಅಂಗಡಿ. ಅಂಗಡಿಯಲ್ಲಿ ಜೋಳದ ಹಿಟ್ಟನ್ನು ಚಂದದ ಪಾಕೀಟಿನಲ್ಲಿ ತುಂಬಿ ಇಟ್ಟಿದ್ದರು. ಇವರು ಬೆಲೆ ಓದಿ "ಅಬ್ಬಬ್ಬಾ" ಎಂದರು. ನಮ್ಮ ವಿಜಯಪುರದ ಕಡೆ ಅಕ್ಕಿ ಕಾಣದವರು ತಿನ್ನುತ್ತಿದ್ದ ಕಾಳು ಅದು. ಈಗ ನಮ್ಮ ಮನೆಯಲ್ಲಿ ರೇಷನ್ನಿನ ಅಕ್ಕಿ, ಗೋಧಿ. ದಿನವಿಡೀ ಜೋಳದ ರೊಟ್ಟಿ ಬಡಿಯುವ ನಾನು ಮನೆಗೆ ಬಂದು ಅನ್ನ ಉಣ್ಣುತ್ತಿದ್ದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಾದೆ ಕಟ್ಟಿದವನು ಒಮ್ಮೆ ನಮ್ಮ ಭಾಂಡುಪಿಗೆ ಬಂದು ಬಾಳ್ವೆ ಮಾಡಿ ನೋಡಬೇಕಿತ್ತು.

ಗುಡ್ಡದ ಮೇಲೆ ಏನು ಸಿಗುತ್ತದೆ? ಒಂದು ಕಿರಾಣಿ ಅಂಗಡಿ. ಅದರ ಬಾಗಿಲಿಗೆ ತೋರಣದ ಹಾಗೆ ಚಿಪ್ಸ್ ಪಾಕೀಟು. ಬಟಾಟೆ, ಉಳ್ಳಾಗಡ್ಡಿ, ಟೊಮ್ಯಾಟೊ ಇಟ್ಟುಕೊಂಡು ಕೂರುವ ಒಬ್ಬ ಮುದುಕ. ಮೂಲೆ ಮೂಲೆಗೆ ವಡಾಪಾವ್. ಹೀರೆಕಾಯಿ ಬೇಕೆಂದರೆ ಸ್ಟೇಷನ್ ಮಾರ್ಕೆಟ್ಟಿಗೆ ಇಳಿಯಬೇಕು, ಮತ್ತೆ ಹತ್ತಬೇಕು. ನನಗೆ ಹತ್ತಲು ಆಗುತ್ತಿರಲಿಲ್ಲ. ಕಾಲೇಜಿನಿಂದ ಬರುವಾಗ ಮಗಳು ಪೂಜಾ ತರುತ್ತಿದ್ದಳು. ಸೇಬು ಒಂದೊಂದೇ ಬರುತ್ತಿತ್ತು. ಅದನ್ನು ಹೆಚ್ಚಿ ನನ್ನ ಮುಂದೆ ಇಟ್ಟು, ಮನೆಯವರೆಲ್ಲ ಬೇರೆ ಕಡೆ ನೋಡುತ್ತಿದ್ದರು. ನಾನು ತಟ್ಟೆ ಸರಿಸುತ್ತಿದ್ದೆ.

"ಮಮ್ಮಿ, ದವಾ ಸಮಝ್ ಕೆ ಖಾ" ಎನ್ನುತ್ತಿದ್ದಳು ಪೂಜಾ. ಔಷಧಿ ಅಂದುಕೊಂಡು ತಿನ್ನಬೇಕಂತೆ. ಔಷಧಿಯನ್ನಾದರೂ ಯಾರ ಬಾಯಿಂದಲೂ ಕಸಿದುಕೊಂಡು ತಿನ್ನುವುದಿಲ್ಲ.

ಅಡಿಗೆ ಅತ್ತೆಯದು. ಗೌರವ್ವ ಎಂದು ಹೆಸರು. ಮಾವನ ಜೊತೆ ಬಿಲ್ಡಿಂಗ್ ಕೆಲಸಕ್ಕೆಂದು ಈ ಊರಿಗೆ ಬಂದು, ತಲೆಯ ಮೇಲೆ ಇಟ್ಟಿಗೆ ಹೊತ್ತು, ಮಗನನ್ನು ಬೆಳೆಸಿದವರು. ನಾನು ಹೊರಗೆ ದುಡಿಯಲು ಹೊರಟಾಗ ಚಾಳಿನ ಹೆಂಗಸರು ಆಡಿಕೊಂಡರೆ, "ನನ್ನ ಸೊಸಿ ದುಡದು ತರತಾಳ, ನಿಮಗ್ಯಾಕ ಹೊಟ್ಟಿ ಉರಿ?" ಎಂದು ಅವರ ಬಾಯಿ ಮುಚ್ಚಿಸಿದವರು. ನನ್ನ ಡಯಟ್ ಅನ್ನು ಅವರು ವ್ರತದ ಹಾಗೆ ಹಿಡಿದರು. ಬೇರೆ ಪಾತ್ರೆ, ಬೇರೆ ಸೌಟು. ತರಕಾರಿ ನೆನೆಸುವುದು, ಕುದಿಸುವುದು, ಬಸಿಯುವುದು. ನಮ್ಮಲ್ಲಿ ನಲ್ಲಿ ಬೆಳಗಿನ ಜಾವ ಸ್ವಲ್ಪ ಹೊತ್ತು ಬರುತ್ತದೆ. ಕೆಳಗಿನಿಂದ ಕೊಡ ಹೊತ್ತು ತರಬೇಕು. ಅಂಥ ನೀರಿನಲ್ಲಿ ಎರಡೆರಡು ಪಾತ್ರೆ ನನ್ನ ಒಂದು ಪಲ್ಯಕ್ಕೆ ಹೋಗುತ್ತಿತ್ತು. ಗ್ಯಾಸ್ ಬೇಗ ಮುಗಿಯತೊಡಗಿತು. ಅತ್ತೆ ಒಂದು ದಿನವೂ ಗೊಣಗಲಿಲ್ಲ.

ಪಲ್ಯಕ್ಕೆ ರುಚಿ ಎಂಬುದೇ ಇರುತ್ತಿರಲಿಲ್ಲ. ಉಪ್ಪಿಲ್ಲ, ಸತ್ವವಿಲ್ಲ, ಒದ್ದೆ ಬಟ್ಟೆ ಅಗಿದ ಹಾಗೆ. ಬೈದುಕೊಂಡು ತಿನ್ನುತ್ತಿದ್ದೆ. ನಾನು ಸೊರಗಿದ್ದು ಕಂಡು ಅತ್ತೆಗೆ ಕರುಳು ಚುರುಕ್ ಎಂದಿತು. ಕೆಲವು ತಿಂಗಳ ನಂತರ ಅನ್ನದ ಜೊತೆ ತಿಳಿಯಾದ ಸಾರು ಬರತೊಡಗಿತು. ಹುಣಸೆಹಣ್ಣು, ಜೀರಿಗೆ, ಕರಿಬೇವಿನ ಒಗ್ಗರಣೆ. ಉಪ್ಪು ಹೆಸರಿಗಷ್ಟೇ. ಆದರೂ ಬಾಯಿಗೆ ಹಿತವಾಗಿತ್ತು. ಸಾರಿನಲ್ಲಿ ಬೇಳೆ ಇರಲಿಲ್ಲ, ಬಟಾಟೆ ಇರಲಿಲ್ಲ, ಟೊಮ್ಯಾಟೊ ಇರಲಿಲ್ಲ. ನೀರಿನಂಥ ಸಾರಿನಲ್ಲಿ ಏನಿರಲು ಸಾಧ್ಯ ಎಂದು ನಾನೂ ಎರಡು ಸಲ ಹಾಕಿಸಿಕೊಂಡೆ.

"ಇಷ್ಟರ ಹೊಟ್ಟಿಗೆ ಹೋಗಲವಾ. ಬರೇ ಸಪ್ಪಾನ್ನ ತಿಂದು ಮನಶ್ಯಾ ಬದುಕತಾನೇನು?" ಎಂದರು ಅತ್ತೆ.

ಮೊದಲಿನ ತಪಾಸಣೆಗಳಲ್ಲಿ, ಕಿಡ್ನಿ ಎಷ್ಟು ಕೆಟ್ಟಿದೆ ಎಂದು ತೋರಿಸುವ ಕ್ರಿಯಾಟಿನಿನ್ ನಿಂತಲ್ಲೇ ನಿಂತಿತ್ತು. ಡಾಕ್ಟರು "ಶಾಬಾಸ್" ಎಂದರು. ಮನೆಗೆ ಬಂದು ಅದನ್ನೇ ಹೇಳಿದಾಗ ಅತ್ತೆ ದೇವರ ಮುಂದೆ ದೀಪ ಹಚ್ಚಿದರು. ನಾನು ಮತ್ತೆ ಕೆಲಸಕ್ಕೆ ಹೋಗತೊಡಗಿದೆ. ದಾರಿ ಸಿಕ್ಕಿತು ಎನ್ನಿಸಿತ್ತು. ಸಾರು ಶುರುವಾದದ್ದು ಅದರ ನಂತರ. ಮುಂದಿನ ತಪಾಸಣೆಯ ತಾರೀಖಿಗೆ ಕೇಂದ್ರದಲ್ಲಿ ಹಬ್ಬದ ಆರ್ಡರ್ ಇತ್ತು, ಮುಂದಿನ ವಾರ ಹೋದರಾಯಿತು ಎಂದು ಬಿಟ್ಟೆ.

ಆ ವಾರ ಕಾಲು ಮಾತು ಕೇಳಲಿಲ್ಲ.

ಕೇಂದ್ರದಲ್ಲಿ ಹೆಂಚಿನ ಮುಂದೆ ನಿಂತಿದ್ದೆ. ಹಿಟ್ಟು ನಾದುತ್ತಿದ್ದಂತೆ ತೋಳುಗಳು ಸೋತವು. ತುಟಿಯ ಸುತ್ತ ಇರುವೆ ಹರಿದ ಹಾಗೆ ಜುಮುಗುಟ್ಟಿತು. ಕೂರೋಣ ಎಂದು ತಿರುಗಿದೆ. ಕಾಲು ನನ್ನದೇ ಅಲ್ಲ ಎನ್ನುವ ಹಾಗೆ ಮಡಚಿಕೊಂಡವು. ಎದೆ ಒಮ್ಮೆ ಬಡಿಯುವುದು, ನಿಲ್ಲುವುದು, ಯಾವಾಗಲೋ ನೆನಪಾದಂತೆ ಮತ್ತೊಮ್ಮೆ ಬಡಿಯುವುದು. ಜೊತೆಯಲ್ಲಿ ಕೆಲಸ ಮಾಡುವ ಹೆಂಗಸರು ರಿಕ್ಷಾದಲ್ಲಿ ಹಾಕಿಕೊಂಡು ಹತ್ತಿರದ ಆಸ್ಪತ್ರೆಗೆ ಒಯ್ದರು. ಅಲ್ಲಿ ಇಸಿಜಿ ತೆಗೆದವನು ಕಾಗದ ಹಿಡಿದುಕೊಂಡು ಓಡಿದ. ಆಸ್ಪತ್ರೆಯಲ್ಲಿ ಅಷ್ಟು ಜೋರಾಗಿ ಓಡುವುದನ್ನು ನೋಡಿದಾಗಲೇ ನನಗೆ ಹೆದರಿಕೆ ಹುಟ್ಟಿದ್ದು. ಇಂಜೆಕ್ಷನ್ ಕೊಟ್ಟು ಅಂಬುಲೆನ್ಸಿನಲ್ಲಿ ಪರೇಲಿಗೆ ಕಳಿಸಿದರು. ಐಸಿಯುನಲ್ಲಿ ಕುತ್ತಿಗೆಯಲ್ಲಿ ಕ್ಯಾಥೆಟರ್ ತೂರಿಸಿ ಡಯಾಲಿಸಿಸ್ ಮಾಡಿದರು. ಪೊಟ್ಯಾಶಿಯಂ ಎಷ್ಟು ಏರಿತ್ತೆಂದರೆ, ಬದುಕಿದ್ದೇ ಹೆಚ್ಚು ಎಂದರು.

ವಾರ್ಡಿಗೆ ಬಂದ ಮೇಲೆ ಚಾಳಿನವರು ನೋಡಲು ಬಂದರು. ಪಾಪ, ಬರಿಗೈಯಲ್ಲಿ ಬಂದವರಿಲ್ಲ. ಒಬ್ಬರು ಡಜನ್ ಬಾಳೆಹಣ್ಣು, ಇನ್ನೊಬ್ಬರು ಎಳನೀರು. ಬಡವರ ಕೈಗೆ ಎಟುಕುವ ಒಳ್ಳೆಯದೆಲ್ಲ ನನ್ನ ಪಾಲಿಗೆ ಕೆಟ್ಟದ್ದೇ. "ನನ್ನ ಕೊಲ್ಲಾಕ ಬಂದೀರೇನ್ರೇ?" ಎಂದು ರೇಗಿದೆ. ಅವರು ಬೆಪ್ಪಾಗಿ ನೋಡಿದರು. ಪಕ್ಕದ ಬೆಡ್ಡಿನವರಿಗೆ ಕೊಟ್ಟುಬಿಟ್ಟೆ.

ಅದೇ ಡಯಟಿಷಿಯನ್ ಮೇಡಂ ಬಂದರು. ನಾನು ತಿನ್ನಬಾರದ್ದನ್ನು ತಿಂದಿದ್ದೇನೆ ಎಂದೇ ಅವರ ನಂಬಿಕೆ. ಬೆಳಗಿನಿಂದ ಏನೇನು ತಿನ್ನುತ್ತೀರಿ ಎಂದು ಕೆದಕಿ ಕೆದಕಿ ಕೇಳಿದರು. ನನಗೆ ಸಿಟ್ಟು ಬಂತು. ಬಾಳೆಹಣ್ಣು ಮುಟ್ಟಿಲ್ಲ, ಉಪ್ಪಿನಕಾಯಿ ಮೂಸಿ ಕೂಡ ನೋಡಿಲ್ಲ, ಇನ್ನೇನು ಬಿಡಲಿ ಎಂದೆ. ತರಕಾರಿ ಕುದಿಸುತ್ತೀರಾ? ಕುದಿಸುತ್ತೇವೆ. ಬಸಿಯುತ್ತೀರಾ? ಬಸಿಯುತ್ತೇವೆ. ಪೂಜಾ ಪಕ್ಕದಲ್ಲಿ ನಿಂತು ಅಜ್ಜಿಗೂ ಮೇಡಂಗೂ ನಡುವೆ ಮಾತು ದಾಟಿಸುತ್ತಿದ್ದಳು. ಸೊಸೆಯ ಮೇಲೆ ಸುಳ್ಳು ಆರೋಪ ಬರುತ್ತಿದೆ ಎಂದು ಅತ್ತೆಗೆ ಅನ್ನಿಸಿರಬೇಕು. ಮುಂದೆ ಬಂದು ನಿಂತರು.

"ಬಾಯಾರಿಗೆ ಹೇಳವಾ ಪೂಜಾ. ಅವರು ಹೇಳಿದಂಗ ಮಾಡೀನಿ, ಒಂದ್ ಚೂರೂ ತಪ್ಪಿಲ್ಲ. ಬಸದ ನೀರ ಸೈತ ದಂಡ ಮಾಡಿಲ್ಲ. ಅದರಾಗಿನ ಸತ್ವ ಎಲ್ಲಿ ಹೋಗಬೇಕು? ಕಟ್ಟಿನ ಸಾರ ಮಾಡಿ ದಿನಾ ಎರಡೂ ಹೊತ್ತು ಇಕಿಗೇ ಹಾಕೀನಿ. ನಾವ್ಯಾರೂ ಒಂದ್ ಹನಿ ಮುಟ್ಟಿಲ್ಲ."

ನಮ್ಮ ಕಡೆ ಬಸಿದ ನೀರಿಗೆ ಕಟ್ಟು ಎನ್ನುತ್ತೇವೆ. ಬೇಳೆಯದಿರಲಿ, ಕಾಳಿನದಿರಲಿ, ಅದನ್ನು ಮೋರಿಗೆ ಚೆಲ್ಲುವ ಹೆಂಗಸು ಇಲ್ಲ. ಬಾಣಂತಿಗೆ ಕಟ್ಟು, ಜ್ವರ ಬಿಟ್ಟವರಿಗೆ ಕಟ್ಟು. ಹೋಳಿಗೆ ಮಾಡಿದ ದಿನ ಹೋಳಿಗೆಗಿಂತ ಕಟ್ಟಿನ ಸಾರಿಗೇ ಕಿತ್ತಾಟ. ಇರುವ ರಸವೆಲ್ಲ ಅದರಲ್ಲಿಯೇ ಇಳಿದಿರುತ್ತದೆ ಎಂದು ನನಗೂ ಗೊತ್ತು. ಹುಟ್ಟಿದಾಗಿನಿಂದ ಗೊತ್ತು.

ಪೂಜಾ ಹಿಂದಿಯಲ್ಲಿ ಹೇಳಿದಳು. ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಮಗಳ ಹತ್ತಿರ ಇಂಗ್ಲಿಷಿನಲ್ಲಿ ಏನೋ ಮೆಲ್ಲಗೆ ಹೇಳಿದರು. ಮಗಳ ಮುಖ ಬಿಳಿಚಿತು.

"ಮಮ್ಮಿ, ಸಬ್ ಉಸ್ ಪಾನೀ ಮೇ ಹೀ ಥಾ."

ಎಲ್ಲ ಆ ನೀರಿನಲ್ಲೇ ಇತ್ತು. ಪೊಟ್ಯಾಶಿಯಂ ಕುದಿಸಿದರೆ ಸಾಯುವಂಥದ್ದಲ್ಲ. ತರಕಾರಿ ಬಿಟ್ಟು ನೀರಿಗೆ ಇಳಿಯುತ್ತದೆ. ಸಪ್ಪೆ ಚರಟವೂ ನನ್ನ ಹೊಟ್ಟೆಗೇ, ಅದರಿಂದ ತೆಗೆದ ವಿಷವೂ ನನ್ನ ಹೊಟ್ಟೆಗೇ ಹೋಗಿತ್ತು. ಜೊತೆಗೆ ಹುಣಸೆಹಣ್ಣು ಬೇರೆ, ಅದರಲ್ಲೂ ಪೊಟ್ಯಾಶಿಯಂ ಇದೆಯಂತೆ.

"ಏನಂದ್ರವಾ ಬಾಯಾರು?" ಎಂದು ಅತ್ತೆ ಕೇಳಿದರು.

"ಕುಛ್ ನಹೀ, ಅಜ್ಜಿ. ಗುಳಿಗಿ... ಗುಳಿಗಿ ಬದಲ್ ಮಾಡ್ತಾರಂತ" ಎಂದಳು ಪೂಜಾ. ಅವಳ ಕನ್ನಡ ಯಾವಾಗಲೂ ಎಡವುತ್ತದೆ. ಅಂದು ಹೆಚ್ಚು ಎಡವಿತು. ಅತ್ತೆ ಮತ್ತೆ ಏನೂ ಕೇಳಲಿಲ್ಲ.

ಕಿಡ್ನಿ ಮತ್ತೆ ಎದ್ದು ನಿಲ್ಲಲಿಲ್ಲ. ಕೆಲವು ವಾರ ಕಾದು ನೋಡಿದ ಡಾಕ್ಟರು ಇನ್ನು ಡಯಾಲಿಸಿಸ್ ಖಾಯಂ ಎಂದರು. ಆ ಸಾರಿನಿಂದಲೇ ಹೀಗಾಯಿತೇ ಎಂದು ಇವರು ಕೇಳಿದರು. ಡಾಕ್ಟರು ಸುಮ್ಮನೆ ಸಮಾಧಾನದ ಮಾತು ಹೇಳುವವರಲ್ಲ. ಕಿಡ್ನಿ ಮೊದಲೇ ಅಂಚಿನಲ್ಲಿತ್ತು, ಇಂದಲ್ಲ ನಾಳೆ ಆಗುತ್ತಿತ್ತು, ಆದರೆ ಆ ನಾಳೆ ಎಷ್ಟು ದೂರ ಇತ್ತು ಎಂದು ಯಾರೂ ಹೇಳಲಾರರು ಎಂದರು. ಆ ಮಾತನ್ನು ನಾನು ಇಂದಿಗೂ ಅಗಿಯುತ್ತಿದ್ದೇನೆ.

ಎಡಗೈಯಲ್ಲಿ ಫಿಸ್ಟುಲಾ ಮಾಡಿದರು. ಕೆಲಸ ಹೋಯಿತು. ವಾರಕ್ಕೆ ಮೂರು ಸಲ ಧರ್ಮಾರ್ಥ ಸೆಂಟರಿನಲ್ಲಿ ಮಲಗಿ, ನನ್ನ ರಕ್ತ ನನ್ನ ಕಣ್ಣೆದುರಿಗೇ ಹೊರಗೆ ಹೋಗಿ ಒಳಗೆ ಬರುವುದನ್ನು ನೋಡುತ್ತೇನೆ. ಮಶೀನಿಗೆ ಹಣ ಕೇಳುವುದಿಲ್ಲ, ಆ ಪುಣ್ಯಾತ್ಮರು ಚೆನ್ನಾಗಿರಲಿ. ಆದರೆ ಊಟ ಯಾವ ಸ್ಕೀಮಿನಲ್ಲೂ ಬರುವುದಿಲ್ಲ. ಮೊದಲು ಬೇಳೆ ಕಡಿಮೆ ತಿನ್ನಿ ಎಂದಿದ್ದವರು ಈಗ ಪ್ರೋಟೀನ್ ಹೆಚ್ಚು ತಿನ್ನಿ ಎನ್ನುತ್ತಾರೆ. ಮಶೀನು ಅದನ್ನೂ ಎಳೆದುಕೊಳ್ಳುತ್ತದಂತೆ. ದಿನಾ ಮೊಟ್ಟೆಯ ಬಿಳಿ, ಪನೀರು. ಮನೆಯಲ್ಲಿ ದುಡಿಯುವ ಕೈ ಒಂದು ಕಡಿಮೆಯಾದ ಹೊತ್ತಿಗೇ ನನ್ನ ತಟ್ಟೆಯ ಖರ್ಚು ಏರಿತು. ಗಾಯದ ಮೇಲೆ ಬರೆ ಎನ್ನುವುದು ಇದಕ್ಕೇ.

ಅತ್ತೆ ಒಲೆಯ ಹತ್ತಿರ ಬರುವುದನ್ನು ಬಿಟ್ಟರು. ಮಂಡಿನೋವು ಎಂದರು. ಪೂಜಾ ಕಾಲೇಜಿಗೆ ಹೋಗುವ ಮುಂಚೆ ಅಡಿಗೆ ಮಾಡಿಡುತ್ತಿದ್ದಳು. ಬಸಿದ ನೀರನ್ನು ಅಜ್ಜಿ ನೋಡದಿರಲಿ ಎಂದು ಬಾಗಿಲಾಚೆ ಹೋಗಿ ಚೆಲ್ಲಿ ಬರುತ್ತಿದ್ದಳು. ಆಮೇಲೆ ಅತ್ತೆಯ ಉಪವಾಸಗಳು ಶುರುವಾದವು. ಸೋಮವಾರ ಎಂದರು, ಸರಿ. ಗುರುವಾರ ಎಂದರು. ಆಮೇಲೆ ಶನಿವಾರ. ಈ ಮುದುಕಿಗೆ ಇಷ್ಟು ದೇವರುಗಳು ಎಲ್ಲಿಂದ ಗಂಟುಬಿದ್ದರು ಎಂದು ಇವರೊಂದಿಗೆ ನಗೆಯಾಡಿದೆ ಕೂಡ. ಸೆರಗು ಹೊದ್ದ ಭುಜದ ಮೂಳೆ ಎದ್ದು ಕಾಣತೊಡಗಿದಾಗ ನಗೆ ನಿಂತಿತು.

ಹೋದ ವಾರದ ಮಾತು. ಮಧ್ಯಾಹ್ನ. ಇವರು ಟೆಂಪೋ ತೆಗೆದುಕೊಂಡು ಹೋಗಿದ್ದರು, ಪೂಜಾ ಕಾಲೇಜಿಗೆ. ಮನೆಯಲ್ಲಿ ನಾವಿಬ್ಬರೇ. ಬಲಗೈಯಲ್ಲೇ ಎರಡು ತಟ್ಟೆ ಬಡಿಸಿದೆ. ಅತ್ತೆ ಗೋಡೆಗೆ ಒರಗಿ ಕೂತಿದ್ದರು.

"ಇವತ್ತ ಯಾವ ವಾರ, ಅತ್ತಿ? ಇವತ್ತ ಯಾವ ದೇವರ ಪಾಳಿ?"

"ಹಸಿವಿಲ್ಲವಾ."

"ಮೊಟ್ಟಿ, ಪನೀರು ಅಂತ ನನಗ ಖರ್ಚ ಆಗತೈತಿ, ಅದಕ್ಕ ಹೊಟ್ಟಿ ಕಟ್ಟೀರೇನು?"

ಅವರು ನೆಲ ನೋಡಿದರು. "ಅದೂ ಒಂದ್ ಆತು. ಆದ್ರ ಅದಲ್ಲ ಮಾತು."

"ಮತ್ತೇನು?"

"ನಾನೂ ಈ ಮುಂಬೈದಾಗ ಮುದುಕಿ ಆದಾಕಿ, ಕಸ್ತೂರಿ. ಇಂಗ್ಲಿಷ್ ತಿಳಿಯಾಂಗಿಲ್ಲ. ಆದ್ರ ಪೂಜಾ ನಿನಗ ಹೇಳಿದ್ದು ತಿಳೀತು. ಪಾನೀ ಅಂದಳು. ಪಾನೀ ಅಂದ್ರ ನನಗ ತಿಳಿಯಾಂಗಿಲ್ಲೇನು?"

ಡಾಕ್ಟರು ಆಗಲೇ ಹೇಳಿದ್ದರು, ಹೇಗೂ ಆಗುವುದಿತ್ತು, ಗುಳಿಗೆಯಿಂದ ಆದದ್ದು ಎಂದೆಲ್ಲ ತಡವರಿಸಿದೆ.

"ಸುಳ್ಳ ಹೇಳಬ್ಯಾಡ. ನಿನಗ ಬರಾಂಗಿಲ್ಲ ಅದು" ಎಂದರು. "ಊರ ಮಂದಿಗೆಲ್ಲ ಬೈತಿ. ಗಂಡಗ ಬೈತಿ, ಮಗಳಿಗೆ ಬೈತಿ, ಹಾಲಿನವಗ ಬೈತಿ. ಇಷ್ಟ ದೊಡ್ಡ ತಪ್ಪ ಮಾಡೀನಿ, ನನಗ ಒಂದ್ ಮಾತ ಅನಲಿಲ್ಲ ನೀನು. ಅದು ಗಂಟಲದಾಗ ಕುಂತೈತಿ ನೋಡು. ಅನ್ನ ಇಳಿವಲ್ದು. ಒಮ್ಮಿ ಬೈದ್ ಬಿಡು ನನ್ನ. ಬೈಸ್ಕೊಂಡು ಉಣ್ಣತೀನಿ."

ನಾನು ಬೈಯುವುದಿಲ್ಲ ಎಂದೇ ಇದ್ದೆ. ಅವರ ಮೇಲೆ ನನಗೆ ಸಿಟ್ಟಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಬಾಯಿ ತೆರೆದ ಮೇಲೆ ಗೊತ್ತಾಯಿತು, ಎಷ್ಟಿತ್ತು ಎಂದು.

"ಬುದ್ಧಿ ಐತೇನ್ರೀ ನಿಮಗ? ಬಸೀರಿ ಅಂದ್ರ ಬಸದು ಚೆಲ್ಲಬೇಕು, ಸಾರ ಮಾಡಿ ನನ್ನ ಬಾಯಾಗ ಸುರೀಬೇಕೇನು? ಒಂದ್ ಮಾತ ಕೇಳಬಾರದಾಗಿತ್ತಾ? ನನ್ನ ಕೈ ಹೋತು. ನನ್ನ ದುಡಿಮಿ ಹೋತು. ವಾರಕ್ಕ ಮೂರ ಸಲ ಸೂಜಿ ಚುಚ್ಚಿಸ್ಕೊಂಡು ಹೆಣದಂಗ ಬಿದ್ದಿರತೀನಿ. ಮಗಳ ಲಗ್ನ ಕಣ್ಣಿಲೆ ನೋಡತೀನೋ ಇಲ್ಲೋ! ಇಷ್ಟ ಸಾಲದು ಅಂತ ಈಗ ಉಪಾಸ ಬಿದ್ದು ನನ್ನ ಕಣ್ಣ ಮುಂದ ಸಾಯಾಕ ಹೊಂಟೀರಿ. ನೀವು ಹೋದ್ರ ನನಗ ಯಾರ ಅದಾರ? ಆ ಸೆಂಟರಿನಿಂದ ಬಂದಾಗ ಬಾಗಿಲಾಗ ಕುಂತು ದಾರಿ ನೋಡವರ್ಯಾರು? ನಾಚಿಗಿ ಆಗಬೇಕು ನಿಮಗ!"

ಕೂಗಿದೆ. ಅತ್ತುಬಿಟ್ಟೆ. ಪಕ್ಕದ ಮನೆಯವಳು ಬಾಗಿಲಿಗೆ ಬಂದು ಇಣುಕಿದಳು, ಅವಳನ್ನೂ ಗದರಿಸಿ ಕಳಿಸಿದೆ. ಅತ್ತೆ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ಸೆರಗಿನಿಂದ ಮೂಗು ಒರೆಸಿಕೊಂಡು, ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಕಲಸಿ, ಒಂದು ತುತ್ತು ಬಾಯಿಗಿಟ್ಟರು. ನುಂಗಿದರು. ಇನ್ನೊಂದು ತುತ್ತು ತೆಗೆದುಕೊಂಡರು.

ನನ್ನಲ್ಲಿ ಮಾತು ಇನ್ನೂ ಬಹಳ ಇತ್ತು. ಉಣ್ಣುವವರಿಗೆ ಬೈಯಬಾರದು. ನನ್ನ ತಟ್ಟೆಯನ್ನೂ ಎಳೆದುಕೊಂಡೆ.